ಮೆಗಾಬಿಟ್‌ನಿಂದ ಮೆಗಾಬೈಟ್‌ಗೆ: ವೇಗದ ಲೆಕ್ಕ ಮಾಡುವ ಬಗೆ

ಸೆಕೆಂಡಿಗೆ 100 ಮೆಗಾಬಿಟ್ ವೇಗದ ಫೈಬರ್ ಸಂಪರ್ಕ ಪಡೆದವರು ದೊಡ್ಡ ಕಡತವೊಂದನ್ನು ಡೌನ್‌ಲೋಡ್ ಮಾಡುವಾಗ ಪರದೆಯ ಮೇಲೆ 11 ಅಥವಾ 12 ಎಂಬ ಅಂಕಿಯನ್ನು ಕಂಡು, ಕೊಟ್ಟ ಹಣಕ್ಕೆ ತಕ್ಕ ವೇಗ ಸಿಗುತ್ತಿಲ್ಲವೆಂದು ಬೇಸರಪಡುವುದುಂಟು. ಎಷ್ಟೋ ಸಲ ಸಂಪರ್ಕದಲ್ಲಿ ಯಾವ ದೋಷವೂ ಇರುವುದಿಲ್ಲ. ಸಂಪರ್ಕದ ವೇಗವನ್ನು ಬಿಟ್‌ಗಳಲ್ಲಿಯೂ ಕಡತದ ಗಾತ್ರವನ್ನು ಬೈಟ್‌ಗಳಲ್ಲಿಯೂ ಹೇಳುವುದು ರೂಢಿಯಾಗಿದ್ದು, 8 ಬಿಟ್ ಸೇರಿದರೆ ಒಂದು ಬೈಟ್ ಆಗುತ್ತದೆ.

ಲೆಕ್ಕಕ್ಕೆ ಮೊದಲು ನಿಮ್ಮ ಮುಂದಿರುವ ಅಂಕಿ ಯಾವ ಮಾನದ್ದು ಎಂಬುದನ್ನು ಖಚಿತಪಡಿಸಿಕೊಳ್ಳಬೇಕು. ಇಂಗ್ಲಿಷ್ ಸಂಕ್ಷೇಪದಲ್ಲಿ 'ಬಿ' ಅಕ್ಷರ ಸಣ್ಣದಿದ್ದರೆ ಬಿಟ್, ದೊಡ್ಡದಿದ್ದರೆ ಬೈಟ್. ಕನ್ನಡ ಲಿಪಿಯಲ್ಲಿ ಅಕ್ಷರಗಳಿಗೆ ಸಣ್ಣದು ದೊಡ್ಡದೆಂಬ ಭೇದವಿಲ್ಲದ ಕಾರಣ 'ಎಂಬಿ' ಎಂದು ಬರೆದೊಡನೆ ಆ ಸುಳಿವು ಅಳಿಸಿಹೋಗುತ್ತದೆ. ಆದ್ದರಿಂದ ಕನ್ನಡದಲ್ಲಿ ಬರೆಯುವವರು 'ಮೆಗಾಬಿಟ್', 'ಮೆಗಾಬೈಟ್' ಎಂದು ಪೂರ್ತಿಯಾಗಿಯೇ ಬರೆಯಬೇಕೆಂಬುದು ನನ್ನ ದೃಢ ಅಭಿಪ್ರಾಯ; ಎರಡಕ್ಷರ ಉಳಿಸಲು ಹೋಗಿ ಓದುಗರನ್ನು ಎಂಟು ಪಟ್ಟು ತಪ್ಪಿಗೆ ದೂಡುವುದು ಸರಿಯಲ್ಲ.

ಬಿಟ್‌ನಿಂದ ಬೈಟ್‌ಗೆ ಬರಲು 8ರಿಂದ ಭಾಗಿಸಿ, ಬೈಟ್‌ನಿಂದ ಬಿಟ್‌ಗೆ ಹೋಗಲು 8ರಿಂದ ಗುಣಿಸಿ. 100 ಮೆಗಾಬಿಟ್ ಎಂದರೆ 12.5 ಮೆಗಾಬೈಟ್. ಬಾಯಿಲೆಕ್ಕದಲ್ಲಾದರೆ ಮೂರು ಬಾರಿ ಅರ್ಧ ಮಾಡಿದರೆ ಸಾಕು: 300ರ ಅರ್ಧ 150, ಅದರ ಅರ್ಧ 75, ಅದರ ಅರ್ಧ 37.5. ಭಾರತದಲ್ಲಿ ಬ್ರಾಡ್‌ಬ್ಯಾಂಡ್ ಎನಿಸಿಕೊಳ್ಳಲು ಬೇಕಾದ ಕನಿಷ್ಠ ವೇಗವನ್ನು 2023ರಲ್ಲಿ 512 ಕಿಲೋಬಿಟ್‌ನಿಂದ 2 ಮೆಗಾಬಿಟ್‌ಗೆ ಏರಿಸಲಾಯಿತು. ಬೈಟ್ ಲೆಕ್ಕದಲ್ಲಿ ಅದು ಸೆಕೆಂಡಿಗೆ 64 ಕಿಲೋಬೈಟ್‌ನಿಂದ 250 ಕಿಲೋಬೈಟ್‌ಗೆ ಆದ ಏರಿಕೆ. ಸಮಯ ತಿಳಿಯಬೇಕಾದರೆ ಕಡತದ ಗಾತ್ರವನ್ನೂ ಬಿಟ್‌ಗೆ ಬದಲಿಸಿಕೊಳ್ಳಿ: 4.7 ಗಿಗಾಬೈಟ್‌ನ ಒಂದು ಡಿವಿಡಿ 37,600 ಮೆಗಾಬಿಟ್ ಆಗುವುದರಿಂದ 100 ಮೆಗಾಬಿಟ್ ಸಂಪರ್ಕದಲ್ಲಿ 376 ಸೆಕೆಂಡು ಹಿಡಿಯುತ್ತದೆ.

ಹಾಗಿದ್ದರೆ ಪರದೆಯ ಮೇಲೆ 12.5ರ ಬದಲು 11ರ ಆಸುಪಾಸಿನ ಅಂಕಿ ಏಕೆ ಕಾಣುತ್ತದೆ? ಇದಕ್ಕೆ ಎರಡು ಕಾರಣಗಳಿವೆ. ಕಂಪ್ಯೂಟರುಗಳನ್ನು ತಂತಿಯಿಂದ ಜೋಡಿಸುವ ಈಥರ್ನೆಟ್‌ನಲ್ಲಿ ದತ್ತಾಂಶ ಹೋಗುವುದು ಪ್ಯಾಕೆಟ್ ಎಂಬ ಸಣ್ಣ ಸಣ್ಣ ತುಂಡುಗಳಾಗಿ. ವಿಳಾಸ, ಕ್ರಮಸಂಖ್ಯೆ, ದೋಷಪರೀಕ್ಷೆಯ ಬೈಟ್‌ಗಳು ಮತ್ತು ನಡುವಿನ ತೆರಪು ಎಲ್ಲ ಸೇರಿ ತಂತಿಯ ಮೇಲೆ 1,538 ಬೈಟ್‌ಗಳಷ್ಟು ಜಾಗ ಹಿಡಿಯುವ ಪೂರ್ಣ ಗಾತ್ರದ ಪ್ಯಾಕೆಟ್ಟಿನಲ್ಲಿ ನಿಮ್ಮ ಕಡತಕ್ಕೆ ಸೇರಿದ್ದು ಹೆಚ್ಚೆಂದರೆ 1,460 ಬೈಟ್, ಅಂದರೆ ಶೇ. 95ರಷ್ಟು. ಆಗ 12.5 ಎಂಬುದು ಸುಮಾರು 11.9ಕ್ಕೆ ಇಳಿಯುತ್ತದೆ. ಇದರ ಮೇಲೆ ಕೆಲವು ತಂತ್ರಾಂಶಗಳು ಮೆಗಾಬೈಟ್ ಎಂದರೆ 10 ಲಕ್ಷ ಬೈಟ್ ಎಂದು ಎಣಿಸದೆ 1,048,576 ಬೈಟ್ ಎಂದು ಎಣಿಸುತ್ತವೆ. ಈ ದೊಡ್ಡ ಮಾನಕ್ಕೆ 1998ರಲ್ಲೇ 'ಮೆಬಿಬೈಟ್' ಎಂಬ ಬೇರೆ ಹೆಸರು ಬಂದಿದ್ದರೂ ಬಳಕೆಯಲ್ಲಿ ಗೊಂದಲ ಉಳಿದಿದೆ. ಎರಡೂ ಸೇರಿದರೆ ಪರದೆಯ ಅಂಕಿ 11.3ರ ಹತ್ತಿರ ಬರುತ್ತದೆ, ಮತ್ತು ಅದು ಪೂರ್ಣ ವೇಗವೇ.

8ರಿಂದ ಭಾಗಿಸಬಾರದ ಸಂದರ್ಭಗಳೂ ಇವೆ. ಹಾರ್ಡ್‌ಡಿಸ್ಕ್ ಜೋಡಿಸುವ 6 ಗಿಗಾಬಿಟ್‌ನ ಸಾಟಾ ಸಂಪರ್ಕದಲ್ಲಿ ಪ್ರತಿ ಬೈಟನ್ನು 10 ಬಿಟ್‌ಗಳಾಗಿ ಸಂಕೇತಿಸಿ ಕಳುಹಿಸುವುದರಿಂದ ಸಿಗುವ ಮಿತಿ 750 ಅಲ್ಲ, 600 ಮೆಗಾಬೈಟ್. ಉಪಕರಣಗಳನ್ನು ನಿಯಂತ್ರಿಸುವ ಪುಟ್ಟ ಚಿಪ್‌ಗಳಾದ ಮೈಕ್ರೋಕಂಟ್ರೋಲರ್‌ಗಳಲ್ಲಿ ಬಿಟ್‌ಗಳನ್ನು ಒಂದರ ಹಿಂದೆ ಒಂದರಂತೆ ಕಳುಹಿಸುವ ಸೀರಿಯಲ್ ಪೋರ್ಟಿನಲ್ಲಿಯೂ ಸಾಮಾನ್ಯ ಹೊಂದಿಕೆಯಲ್ಲಿ ಪ್ರತಿ ಬೈಟಿನ ಹಿಂದೆ ಮುಂದೆ ಒಂದೊಂದು ಬಿಟ್ ಸೇರುತ್ತದೆ, ಹೀಗಾಗಿ 9,600 ಬಿಟ್ ವೇಗದಲ್ಲಿ ಹೋಗುವುದು 960 ಬೈಟ್. ಅಕ್ಷರಗಳನ್ನು ಬೈಟ್‌ಗಳಾಗಿ ಬರೆದಿಡುವ ಯುಟಿಎಫ್-8 ಪದ್ಧತಿಯಲ್ಲಿ 'ಕನ್ನಡ' ಎಂಬ ಪದಕ್ಕೆ ಅರ್ಧಾಕ್ಷರದ ಚಿಹ್ನೆಯೂ ಸೇರಿ ಐದು ಸಂಕೇತಗಳು, ಒಂದೊಂದಕ್ಕೆ 3ರಂತೆ 15 ಬೈಟ್ ಬೇಕು. ಆ ಪೋರ್ಟಿನಲ್ಲಿ ಈ ಪದವನ್ನು ಎಡೆಬಿಡದೆ ಕಳುಹಿಸಿದರೆ ಸೆಕೆಂಡಿಗೆ 64 ಬಾರಿ ಹೋಗುತ್ತದೆ. 8ರಿಂದ ಭಾಗಿಸಿದವರು 80 ಬಾರಿ ಎಂದು ಲೆಕ್ಕ ಹಾಕಿ, ಉಳಿದ 16 ಎಲ್ಲಿ ಹೋದವೆಂದು ತಂತಿಯಲ್ಲಿ ಹುಡುಕುತ್ತಾರೆ.