ತರಕಾರಿ ಚೀಲಕ್ಕೆ ಮುಂಗಡ ಕೊಡುವ ಮೊದಲು

ಜುಲೈ ತಿಂಗಳ ಚೀಲದಲ್ಲಿ ಹೂಕೋಸು ಕಂಡ ದಿನವೇ ನಮ್ಮತ್ತೆ ಹೇಳಿದ್ದರು, "ಇದು ಇಲ್ಲಿಯ ಗದ್ದೆದಲ್ಲ ಮಾರಾಯ್ತಿ, ಘಟ್ಟ ಇಳಿದು ಬಂದದ್ದು." ನಾನು ನಂಬಲಿಲ್ಲ. ವಾರವಾರ ಚೀಲ ಕೊಡುವ ತೋಟದವರಿಗೆ ನಾಲ್ಕು ತಿಂಗಳ ದುಡ್ಡು ಮೊದಲೇ ಕೊಟ್ಟಾಗಿತ್ತು, ನಂಬದಿರುವುದೇ ಅನುಕೂಲವಾಗಿತ್ತು. ಕಾರವಾರದ ಅಂಗಡಿಗಳಿಗೆ ಬೆಳಗಾವಿ, ಹುಬ್ಬಳ್ಳಿ ಕಡೆಯಿಂದ ಬರುವ ತರಕಾರಿಯನ್ನೇ ಆ ತೋಟದವರು ನಮ್ಮ ಚೀಲಕ್ಕೂ ತುಂಬುತ್ತಿದ್ದರು ಎಂದು ಆಮೇಲೆ ಗೊತ್ತಾಯಿತು. ಬ್ಯಾಂಕಿನ ಕ್ಯಾಶ್ ಕೌಂಟರಿನಲ್ಲಿ 22 ವರ್ಷ ಕೂತವಳು ನಾನು, ಒಂದು ಪ್ರಶ್ನೆ ಕೇಳದೆ ಎಣಿಸಿ ಕೊಟ್ಟಿದ್ದೆ. ಈಗ ಮಿರ್ಜಾನ್ ಕಡೆಯ ಬೇರೊಂದು ತೋಟದಲ್ಲಿ ನಮ್ಮ ಪಾಲಿದೆ. ಹೊಸದಾಗಿ ಸೇರುವವರು ಕೇಳಿದರೆ ನಾನು ಹೇಳುವುದು ಇಷ್ಟು.

ಪಾಲು ಅಂದರೆ ಹಂಗಾಮಿನ ಶುರುವಿಗೇ ರೈತನಿಗೆ ಹಣ ಕೊಟ್ಟು, ಆಮೇಲೆ ವಾರವಾರ ಬೆಳೆದದ್ದರಲ್ಲಿ ನಮ್ಮ ಭಾಗ ತರುವುದು. ಜಪಾನಿನಲ್ಲಿ 1970ರ ದಶಕದಲ್ಲಿ 'ತೇಕೇ' ಎಂಬ ಹೆಸರಿನಲ್ಲಿ ಹಬ್ಬಿದ ಪದ್ಧತಿ ಇದು. ಅಮೆರಿಕದಲ್ಲಿ 1986ರಲ್ಲಿ ಎರಡು ತೋಟಗಳು ಇಂಥದ್ದನ್ನೇ ಶುರುಮಾಡಿದವು. ಬೀಜ, ಗೊಬ್ಬರ, ಆಳಿನ ಖರ್ಚೆಲ್ಲ ಬೀಳುವುದು ಬೆಳೆ ಕೈಗೆ ಬರುವ ಮೊದಲು, ಅದಕ್ಕೇ ಮುಂಗಡ. ಬೆಳೆ ಹೋದರೆ ನಿಮ್ಮ ಭಾಗವೂ ಹೋಯಿತು. ಇದು ಒಪ್ಪಿಗೆಯಿಲ್ಲದಿದ್ದರೆ ಕಾರವಾರದ ಭಾನುವಾರದ ಸಂತೆಯೇ ಒಳ್ಳೆಯದು, ಅಲ್ಲಿ ಆರಿಸಿ ತರಬಹುದು.

ತೋಟ ಹುಡುಕುವ ಮೊದಲು ನಿಮ್ಮ ಅಡುಗೆಮನೆ ನೋಡಿಕೊಳ್ಳಿ. ನಮ್ಮದು ಮೀನಿನ ಮನೆ, ವಾರಕ್ಕೆ ನಾಲ್ಕು ದಿನ ತರಕಾರಿ ಬೇಕಾಗುವುದೇ ಇಲ್ಲ. ಮೊದಲ ಸಲ ಪೂರ್ತಿ ಪಾಲು ತೆಗೆದುಕೊಂಡು ಅರ್ಧವನ್ನು ಪಕ್ಕದ ಮನೆಗೆ ಹಂಚಿದ್ದಾಯಿತು. ಈಗ ಅವರೂ ನಾವೂ ಸೇರಿ ಒಂದೇ ಪಾಲು. ಆದರೆ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವುದಿಲ್ಲ, ಮೀನಿನ ರೇಟು ಕೇಳಿದರೆ ಬೆವರು ಬರುತ್ತದೆ. ಅದರ ಬೆನ್ನಿಗೇ ಶ್ರಾವಣ. ಹಾಗಾಗಿ ಮಳೆಗಾಲಕ್ಕೆ ಮಾತ್ರ ಬೇರೆಬೇರೆ ಪೂರ್ತಿ ಪಾಲು. ಹೀಗೆ ಹಂಗಾಮಿಗೆ ತಕ್ಕಂತೆ ಬದಲಿಸಲು ಬಿಡುತ್ತಾರೆಯೇ ಎಂದು ಮೊದಲೇ ಕೇಳಿ.

ತೋಟ ನೋಡಲು ಹೋಗುವುದಾದರೆ ಸುರಿಯುವ ಮಳೆಯಲ್ಲಿ ಹೋಗಿ. ಭತ್ತ ಕೊಯ್ದು ತರಕಾರಿ ಹಾಕಿದ ಗದ್ದೆ ಜನವರಿಯಲ್ಲಿ ಯಾರದ್ದಾದರೂ ಚೆಂದವೇ: ಹರಿವೆ, ಮೂಲಂಗಿ, ಬದನೆ, ಅಲಸಂದೆ. ಜುಲೈಯಲ್ಲಿ ಚಪ್ಪರದ ಮೇಲೆ ಹೀರೆ, ಪಡವಲ ಇದೆಯೇ, ಬೆಂಡೆ ನಿಂತಿದೆಯೇ, ಮೊಗೆಕಾಯಿ (ಸಾಂಬಾರು ಸೌತೆ) ಬಳ್ಳಿಯ ಬುಡದಲ್ಲಿ ನೀರು ನಿಂತಿದೆಯೇ ನೋಡಿ. ಆಮೇಲೆ ಗೊಬ್ಬರಗುಂಡಿ. ಕೊಟ್ಟಿಗೆಯಲ್ಲಿ ದನವಿಲ್ಲ, ಗುಂಡಿಯಲ್ಲಿ ಸೊಪ್ಪಿಲ್ಲ, ಆದರೂ 'ಪೂರ್ತಿ ಸಾವಯವ' ಅನ್ನುತ್ತಾರೆಂದರೆ ಗೊಬ್ಬರ ಎಲ್ಲಿಂದ ತರುತ್ತೀರಿ ಎಂದು ಕೇಳಲೇಬೇಕು. ಪ್ರಮಾಣಪತ್ರ ಇಲ್ಲದ್ದು ಮಾತ್ರ ದೋಷವಲ್ಲ. ವರ್ಷಕ್ಕೆ 12 ಲಕ್ಷದೊಳಗಿನ ವಹಿವಾಟಿನ ಸಣ್ಣ ರೈತ ತಿನ್ನುವವರಿಗೇ ನೇರ ಮಾರಿದರೆ ಅದು ಕಡ್ಡಾಯವಿಲ್ಲ. ಕೆಲವರು ಪಿಜಿಎಸ್ ಎಂಬ ಸಾವಯವ ಖಾತರಿ ಪದ್ಧತಿಯ ಗುಂಪಿನಲ್ಲಿರುತ್ತಾರೆ, ಅಲ್ಲಿ ಅಕ್ಕಪಕ್ಕದ ರೈತರೇ ಒಬ್ಬರ ಹೊಲ ಇನ್ನೊಬ್ಬರು ಪರೀಕ್ಷಿಸುತ್ತಾರೆ.

ಬಾವಿಯ ವಿಷಯ ಮರೆಯಬೇಡಿ. ಕರಾವಳಿಯ ಎಷ್ಟೋ ಬಾವಿಗಳ ನೀರು ಏಪ್ರಿಲ್, ಮೇ ತಿಂಗಳಲ್ಲಿ ಉಪ್ಪಾಗುತ್ತದೆ. ನಮ್ಮ ತೋಟದವರನ್ನು ಕೇಳಿದಾಗ, "ಹೌದು ಅಕ್ಕಾ, ಮಾರ್ಚ್ ಮುಗಿದ ಮೇಲೆ ನಾನು ಚೀಲ ಕೊಡೂದಿಲ್ಲ" ಅಂದರು. ಹೋದ ವರ್ಷ ಯಾವ ವಾರ ಚೀಲ ತಪ್ಪಿತ್ತು ಎಂದು ಕೇಳಿದ್ದಕ್ಕೆ ಮಂಗ ಬಂದ ವಾರ, ಹಂದಿ ಗೆಣಸಿನ ಗದ್ದೆ ಅಗೆದ ವಾರ ಎಂದು ಬೆರಳು ಮಡಚಿ ಎಣಿಸಿದರು. ನಾನು ಅಲ್ಲೇ ಹಣ ಕೊಟ್ಟೆ. ಮೊದಲಿನ ತೋಟದವರಿಗೆ ಒಂದು ವಾರವೂ ತಪ್ಪಿರಲಿಲ್ಲವಂತೆ!

ಹಣದ ಲೆಕ್ಕ ಒಂದು ಹಾಳೆಯಲ್ಲಿ ಬರೆಸಿಕೊಳ್ಳಿ. ನಮ್ಮದು 16 ವಾರಕ್ಕೆ 4,800 ರೂಪಾಯಿ, ಎರಡು ಕಂತು. ಎಷ್ಟು ವಾರ, ಎಲ್ಲಿ ಎಷ್ಟು ಗಂಟೆಗೆ ಬಂದು ಒಯ್ಯಬೇಕು, ನಾವು ಊರಲ್ಲಿರದಿದ್ದರೆ ಚೀಲ ಯಾರಿಗೆ, ಹೊರಗಿನಿಂದ ತಂದು ಸೇರಿಸಿದರೆ ಹೇಳುತ್ತಾರೆಯೇ, ಇಷ್ಟಿದ್ದರೆ ಸಾಕು. ಇನ್ನೊಂದು ಸಾಲನ್ನು 2024ರ ಜುಲೈ ನಮಗೆ ಕಲಿಸಿತು. ಶಿರೂರಿನಲ್ಲಿ ಗುಡ್ಡ ಕುಸಿದು ಜೀವಗಳು ಹೋದವು, ಹೆದ್ದಾರಿ ಮುಚ್ಚಿತು. ಮಿರ್ಜಾನಿನ ಟೆಂಪೋ ಎರಡು ವಾರ ಕಾರವಾರಕ್ಕೆ ಬರಲಿಲ್ಲ. ಆ ಹೊತ್ತಿನಲ್ಲಿ ತರಕಾರಿಯ ಮಾತೆತ್ತಲು ನಾಚಿಕೆಯಾಗಿ ಯಾರೂ ಏನೂ ಕೇಳಲಿಲ್ಲ. ರಸ್ತೆ ಬಂದ್ ಆದ ವಾರದ ಬೆಳೆಯನ್ನು ಅವರು ಊರಲ್ಲೇ ಮಾರಿ, ಬಂದ ಹಣದಲ್ಲಿ ಅರ್ಧ ನಮಗೆ ಬಿಡಬೇಕು ಎಂದು ಮುಂದಿನ ಹಂಗಾಮಿಗೆ ಇಬ್ಬರೂ ಒಪ್ಪಿ ಬರೆದೆವು.

ಸೇರಿದ ಮೇಲಿನ ಕಷ್ಟವೆಂದರೆ ಮೊಗೆಕಾಯಿ. ಬಂದರೆ ಐದು ವಾರ ಬಿಡದೆ ಬರುತ್ತದೆ. ಹುಳಿ, ದೋಸೆ, ತಿರುಳಿನ ತಂಬುಳಿ, ಒಣ ಶೆಟ್ಲಿ (ಸೀಗಡಿ) ಹಾಕಿದ ಸಾರು, ಎಲ್ಲ ಮುಗಿದ ಮೇಲೂ ಮೂಲೆಯಲ್ಲಿ ನಾಲ್ಕು ಕೂತಿರುತ್ತವೆ. ಬಲಿತದ್ದನ್ನು ಅತ್ತೆ ಬಾಳೆನಾರಿನಲ್ಲಿ ಕಟ್ಟಿ ಅಟ್ಟಕ್ಕೆ ನೇತುಹಾಕುತ್ತಾರೆ, ತಿಂಗಳುಗಟ್ಟಲೆ ಕೆಡುವುದಿಲ್ಲ. ಕುಮಟಾದ ಸಿಹಿ ಈರುಳ್ಳಿಯ ಗೊಂಚಲಿಗೂ ಅದೇ ಜಾಗ. ಕರಿ ಇಷಾಡ ಮಾವು ಮಾತ್ರ ಪಾಲಿನಲ್ಲಿಲ್ಲ, ಮೇ ತಿಂಗಳಲ್ಲಿ ಬೇರೆ ದುಡ್ಡು ಕೊಟ್ಟು ತರಬೇಕು. 2023ರಲ್ಲಿ ಜಿಐ ಟ್ಯಾಗ್ ಸಿಕ್ಕ ಅಂಕೋಲೆಯ ಹಣ್ಣಿಗೆ ಚೌಕಾಸಿ ಮಾಡುವ ಧೈರ್ಯ ನನಗಿಲ್ಲ.

ಖಾಲಿ ಚೀಲ ಒಗೆದು ಒಣಗಿಸಿ ಮುಂದಿನ ಭಾನುವಾರ ಟೆಂಪೋ ಹತ್ತಿರ ಒಯ್ಯಿರಿ, ಏಳೂವರೆಯೊಳಗೆ. ಸಂತೆ ಜೋರಾದ ಮೇಲೆ ಅವರಿಗೆ ನಮ್ಮ ಮುಖ ನೋಡಲೂ ಪುರಸೊತ್ತಿರುವುದಿಲ್ಲ.