ಮುಖವೂ ಕಾಣಲಿ, ಸಂಜೆಯೂ ಉಳಿಯಲಿ

ದಾವಣಗೆರೆಯ ಕುಂದುವಾಡ ಕೆರೆ ಏರಿಯ ಮೇಲೆ ಹೊತ್ತು ಮುಳುಗುವಾಗ ಜೋಡಿಯೊಂದನ್ನು ನಿಲ್ಲಿಸಿ ಫೋಟೊ ತೆಗೆಯುತ್ತೀರಿ. ಆಕಾಶ ಕೆಂಪಾಗಿದೆ, ನೀರು ಮಿನುಗುತ್ತಿದೆ. ಫೋಟೊದಲ್ಲಿ ಮಾತ್ರ ಕೆರೆಯೂ ಇಲ್ಲ, ಆಕಾಶವೂ ಇಲ್ಲ. ಕತ್ತಲ ಮುಂದೆ ಸುಣ್ಣ ಬಳಿದಂಥ ಎರಡು ಮುಖ. ಫ್ಲ್ಯಾಶನ್ನು ಮೊದಲು ನೆಚ್ಚಿಕೊಂಡು ಸಂಜೆ ಬೆಳಕನ್ನು ಮರೆತರೆ ಹೀಗೇ ಆಗುವುದು.

ಮೊದಲು ಫ್ಲ್ಯಾಶ್ ಆಫ್ ಮಾಡಿ, ಕ್ಯಾಮೆರಾವನ್ನು ಮ್ಯಾನ್ಯುಯಲ್‌ಗೆ, ಅಂದರೆ ಎಲ್ಲವನ್ನೂ ನೀವೇ ಹೊಂದಿಸುವ ಮೋಡ್‌ಗೆ ಹಾಕಿ. ಬರೀ ಆಕಾಶ ನೋಡಿ ಬೆಳಕು ಹೊಂದಿಸಿ. ಸೂರ್ಯ ಆಗಷ್ಟೇ ಮುಳುಗಿದ್ದರೆ ಐಎಸ್‌ಒ (ಕ್ಯಾಮೆರಾ ಬೆಳಕಿಗೆ ಸ್ಪಂದಿಸುವ ಮಟ್ಟ) 200, ಅಪರ್ಚರ್ (ಲೆನ್ಸಿನ ಕಿಂಡಿ) ಎಫ್/4, ಶಟರ್ (ಬೆಳಕು ಒಳಬರುವ ಹೊತ್ತು) 1/200 ಸೆಕೆಂಡಿನಿಂದ ಶುರು ಮಾಡಬಹುದು. ಆಕಾಶ ಕಣ್ಣಿಗೆ ಕಂಡದ್ದಕ್ಕಿಂತ ತುಸು ಗಾಢವಾಗಿ ಬರಬೇಕು. ಮುಖ ಕಪ್ಪಾಗುತ್ತದೆ, ಆಗಲಿ ಬಿಡಿ. ಶಟರ್ ವೇಗ ಇದಕ್ಕಿಂತ ಹೆಚ್ಚಿಸಬೇಡಿ. ಬಹುತೇಕ ಕ್ಯಾಮೆರಾಗಳಲ್ಲಿ 1/200 ಅಥವಾ 1/250 ದಾಟಿದರೆ ಫ್ಲ್ಯಾಶ್ ಫೋಟೊದಲ್ಲಿ ಕಪ್ಪು ಪಟ್ಟಿ ಬೀಳುತ್ತದೆ.

ಈಗ ಫ್ಲ್ಯಾಶ್. ಅದನ್ನು ಕ್ಯಾಮೆರಾದ ನೆತ್ತಿಯಿಂದ ಇಳಿಸಿ, ದೂರದಿಂದಲೇ ಅದನ್ನು ಮಿಂಚಿಸುವ ಟ್ರಿಗರ್ ಜೋಡಿಸಿ, ಬೆಳಕನ್ನು ಮೆದುವಾಗಿಸುವ ಚಿಕ್ಕ ಸಾಫ್ಟ್‌ಬಾಕ್ಸ್ ಹಾಕಿ ಸ್ಟ್ಯಾಂಡಿಗೇರಿಸಿ. ಮುಖದಿಂದ ಐದಡಿ ದೂರ, ಎದುರಿಗೆ ಸ್ವಲ್ಪ ಓರೆಯಾಗಿ, ಕಣ್ಣಿಗಿಂತ ಒಂದಡಿ ಮೇಲೆ ಇರಲಿ. ಏರಿಯ ಮೇಲೆ ಗಾಳಿ ಎದ್ದರೆ ಸಾಫ್ಟ್‌ಬಾಕ್ಸ್ ಗಾಳಿಪಟದ ಹಾಗೆ ಎಳೆಯುತ್ತದೆ, ಸ್ಟ್ಯಾಂಡ್ ಹಿಡಿಯಲು ಒಬ್ಬರು ಬೇಕೇ ಬೇಕು. ಫ್ಲ್ಯಾಶ್ ಪವರ್ ಪೂರ್ತಿಯ 1/16ಕ್ಕೆ ಇಟ್ಟು ಒಂದು ಫೋಟೊ ತೆಗೆಯಿರಿ. ಸ್ಟ್ಯಾಂಡ್ ಸರಿಸಿದಾಗಲೆಲ್ಲ ಪವರ್ ಮತ್ತೆ ನೋಡಿ. ದೂರ ಎರಡು ಪಟ್ಟಾದರೆ ಬೆಳಕು ಕಾಲು ಪಾಲಿಗೆ ಇಳಿಯುತ್ತದೆ.

ಗುಟ್ಟು ಇರುವುದು ಇಲ್ಲಿ. ಇಷ್ಟು ಕಡಿಮೆ ಪವರ್‌ನಲ್ಲಿ ಫ್ಲ್ಯಾಶ್ ಮಿಂಚುವುದು ಸೆಕೆಂಡಿನ ಸಾವಿರದಲ್ಲೊಂದು ಪಾಲಿಗಿಂತಲೂ ಕಡಿಮೆ ಹೊತ್ತು. ಶಟರ್ 1/200 ಇದ್ದರೂ 1/60 ಇದ್ದರೂ ಮುಖಕ್ಕೆ ಸಿಗುವ ಫ್ಲ್ಯಾಶ್ ಅಷ್ಟೇ, ಆಕಾಶಕ್ಕೆ ಮಾತ್ರ ಬೆಳಕು ಹೆಚ್ಚುತ್ತದೆ. ಹಾಗಾಗಿ ಆಕಾಶ ಮಂಕಾದಂತೆ ಶಟರ್ 1/125, 1/60 ಎಂದು ಇಳಿಸುತ್ತ ಹೋಗಿ, ಫ್ಲ್ಯಾಶ್ ಮುಟ್ಟಬೇಡಿ. ಅಪರ್ಚರ್, ಐಎಸ್‌ಒ ತಿರುಗಿಸಿದರೆ ಮುಖ, ಆಕಾಶ ಎರಡೂ ಬದಲಾಗುತ್ತವೆ.

ಮುಖ ಹೆಚ್ಚು ಬೆಳಗಿದೆಯೇ ಎಂದು ತಿಳಿಯಲು ನಾನು ಮೂಗುತಿಯ ಸುತ್ತ ಜೂಮ್ ಮಾಡಿ ನೋಡುತ್ತೇನೆ. ಹಸಿರು ರೇಷ್ಮೆ ಸೀರೆ ಉಟ್ಟ ಹುಡುಗಿಯೊಬ್ಬಳ ಫೋಟೊದಲ್ಲಿ ಮೂಗುತಿ ಪಕ್ಕದ ಚರ್ಮ ಪೂರ್ತಿ ಬಿಳಿಚಿಕೊಂಡಿತ್ತು. ಪವರ್ 1/32ಕ್ಕೆ ಇಳಿಸಿದೆ. ಕೆನ್ನೆಯ ಬಣ್ಣ ಮರಳಿತು, ಜರಿಯ ಎಳೆ ಎಳೆ ಬಿಡಿಸಿಕೊಂಡಿತು. ಆದರೂ ಮುಖ ಕತ್ತರಿಸಿ ಅಂಟಿಸಿದಂತಿತ್ತು, ಏಕೆಂದರೆ ಫ್ಲ್ಯಾಶಿನದು ನಡುಮಧ್ಯಾಹ್ನದ ಬಿಳುಪು. ಫ್ಲ್ಯಾಶಿನ ಬೆಳಕಿಗೆ ಬಣ್ಣ ಕೊಡುವ ತೆಳು ಕಿತ್ತಳೆ ಜೆಲ್ ಹಾಳೆ ಸಿಕ್ಕಿಸಿದ ಮೇಲೆ ಆಕೆ ಆ ಸಂಜೆಯೊಳಗೇ ನಿಂತಂತೆ ಕಂಡಳು. ವೈಟ್ ಬ್ಯಾಲೆನ್ಸ್ (ಯಾವ ಬೆಳಕಿಗೆ ಬಣ್ಣ ಹೊಂದಿಸಬೇಕೆಂದು ಕ್ಯಾಮೆರಾಗೆ ಹೇಳುವ ಸೆಟ್ಟಿಂಗ್) ಡೇಲೈಟ್‌ನಲ್ಲೇ ಇತ್ತು.

ಚಿತ್ರದುರ್ಗದ ಕೋಟೆ ಬಾಗಿಲ ನೆರಳಲ್ಲಿ ಹಗಲು ತೆಗೆಯುವಾಗಲೂ ಕ್ರಮ ಇದೇ. ಆದರೆ ಹೊರಗೆ ಬಿಸಿಲು ಬಿದ್ದ ಬಂಡೆಗೆ ಐಎಸ್‌ಒ 100, ಎಫ್/11, 1/200 ಬೇಕಾಗುತ್ತದೆ, ಚಿಕ್ಕ ಫ್ಲ್ಯಾಶ್ ಪೂರ್ತಿ ಪವರ್‌ನಲ್ಲಿ ಉರಿಯಬೇಕು. ಪ್ರತಿ ಫೋಟೊ ಆದಮೇಲೆ ಚಾರ್ಜ್ ಆಗುವ ತನಕ ಕಾಯಿರಿ. ಅದು ಸಂರಕ್ಷಿತ ಸ್ಮಾರಕ, ಸ್ಟ್ಯಾಂಡ್ ಒಯ್ಯುವ ಮುನ್ನ ಅನುಮತಿ ಕೇಳಿಕೊಳ್ಳಿ.