ಓಟಿಪಿ ಬರ್ತಿಲ್ಲ ಅಂದವರ ಸಿಮ್ ಮೊದಲು ತೆಗೆಯುತ್ತೇನೆ: ನನ್ನ ಅನುಭವ

ವಿಜಯಪುರದ ಗಾಂಧಿ ಚೌಕದ ಹತ್ತಿರ ನನ್ನದು ಮೊಬೈಲ್ ರಿಪೇರಿ ಅಂಗಡಿ. ಒಂಬತ್ತು ವರ್ಷ ಆಯ್ತು. ಡಿಸ್‌ಪ್ಲೇ, ಬ್ಯಾಟರಿ, ಚಾರ್ಜಿಂಗ್ ಪಿನ್ ರಿಪೇರಿ ಮಾಡೋ ನಿಮಗೂ ಗೊತ್ತಿರೋ ಕೆಲಸ, ಅದರ ಬಗ್ಗೆ ಬರೆಯಲ್ಲ. ಡೇಟಿಂಗ್ ಆ್ಯಪ್ ಲಾಗಿನ್ ಆಗದೆ ಬರುವ ಫೋನುಗಳ ಬಗ್ಗೆ ಬರೆಯುತ್ತೇನೆ. ಇದು ಅಂಗಡಿಯಲ್ಲಿ ಆಗೋ ಕೆಲಸ ಅಲ್ಲ ಅಂತ ಮಾರ್ಕೆಟ್‌ನಲ್ಲಿ ಎಲ್ಲರೂ ಹೇಳಿದ್ದರು. ಈಗ ಹತ್ತು ಫೋನ್ ಬಂದರೆ ಏಳೆಂಟು ಸರಿ ಮಾಡಿ ಕಳಿಸುತ್ತೇನೆ.

ಇಂಥ ಗಿರಾಕಿಗಳು ಬರೋದು ರಾತ್ರಿ ಎಂಟರ ಮೇಲೆ. ಕೌಂಟರ್ ಖಾಲಿ ಆಗೋವರೆಗೆ ಟೆಂಪರ್ಡ್ ಗ್ಲಾಸ್ ನೋಡುತ್ತ ನಿಲ್ಲುತ್ತಾರೆ. ಆಮೇಲೆ ಮೆಲ್ಲಗೆ, "ಅಣ್ಣಾರ, ಒಂದ್ ಆ್ಯಪ್ ಓಪನ್ ಆಗವಲ್ದು ನೋಡ್ರಿ" ಅನ್ನುತ್ತಾರೆ. ಯಾವ ಆ್ಯಪ್ ಅಂತ ನಾನು ಜೋರಾಗಿ ಕೇಳಲ್ಲ. ಫೋನಿನ ಮುಖ ಅವರ ಕಡೆಗೇ ಇರುತ್ತದೆ, ಓಟಿಪಿ ಅವರೇ ಒತ್ತುತ್ತಾರೆ, ಪ್ರೊಫೈಲ್ ತೆರೆದ ಮೇಲೆ ನಾನು ಕೈ ಹಾಕಲ್ಲ. ಈ ಕೆಲಸಕ್ಕೆ ಕೈ ಹಾಕೋರು ಮೊದಲು ಇಷ್ಟನ್ನ ಕಲಿಯಬೇಕು. ಆ ಹುಡುಗ, ಆ ಹುಡುಗಿ ನಮ್ಮನ್ನ ನಂಬಿ ಬಂದಿರುತ್ತಾರೆ.

ಶುರುವಿನಲ್ಲಿ ನಾನೂ ಎಲ್ಲರಂತೆ ಕ್ಯಾಷ್ ಕ್ಲಿಯರ್, ಅನ್‌ಇನ್‌ಸ್ಟಾಲ್, ಮತ್ತೆ ಇನ್‌ಸ್ಟಾಲ್, ಅದೂ ಆಗದಿದ್ದರೆ ರೀಸೆಟ್ ಅಂತಿದ್ದೆ. ಪಕ್ಕದ ಅಂಗಡಿ ಕಾಕಾ, "ತಮ್ಮಾ, ಅದು ಕಂಪನಿ ಸರ್ವರ್ ಐತಿ, ನಮ್ಮ ಕೈಯಾಗಿಂದಲ್ಲ. ಸುಮ್ನ ಡಿಸ್‌ಪ್ಲೇ ಹಾಕ್ಕೋತ ಕುಂದ್ರು" ಅಂದಿದ್ದರು.

ರೀಸೆಟ್ ನನಗೆ ದೊಡ್ಡ ಪೆಟ್ಟು ಕೊಟ್ಟಿತು. ಬಸವನ ಬಾಗೇವಾಡಿ ಕಡೆಯ ಒಬ್ಬ ಹುಡುಗ, 32 ಜಿಬಿ ಫೋನು, ಎರಡು ದಿನದಿಂದ ಓಟಿಪಿ ಇಲ್ಲ. ಫೋಟೋ ಎಲ್ಲ ಕಂಪ್ಯೂಟರ್‌ಗೆ ಹಾಕಿಕೊಂಡು ರೀಸೆಟ್ ಒತ್ತಿದೆ. ಅಷ್ಟರಲ್ಲಿ ಮನೆಯಿಂದ ಕಾಲ್ ಬಂದರೆ ಇರಲಿ ಅಂತ ಅವನ ಸಿಮ್ಮನ್ನ ನನ್ನ ಹಳೇ ಕೀಪ್ಯಾಡ್ ಫೋನಿಗೆ ಹಾಕಿ ಕೊಟ್ಟೆ. ಒಂದು ನಿಮಿಷ ಆಗಿರಲಿಲ್ಲ, ಟಿಣ್, ಟಿಣ್, ಟಿಣ್. ಮೂರು ಓಟಿಪಿ, ಎಲ್ಲ ಹಿಂದಿನ ದಿನದವು. ಇತ್ತ ಟೇಬಲ್ ಮೇಲೆ ರೀಸೆಟ್ ನಡೆದೇ ಇತ್ತು. ನಿಲ್ಲಿಸೋಕೆ ಆಗುವ ಹಾಗಿರಲಿಲ್ಲ.

ಫೋಟೋ ಉಳಿದವು. ಕಾಲ್ ರೆಕಾರ್ಡಿಂಗ್ ನಾನು ತೆಗೆದಿರಲಿಲ್ಲ. ಅದರಲ್ಲಿ ತೀರಿಹೋದ ಅವನ ಅಜ್ಜಿಯ ದನಿ ಇತ್ತಂತೆ. ಸಾವಿರದ ಐನೂರು ಕೈಗಿಟ್ಟೆ, ಅವನು ತಗೊಳ್ಳಲಿಲ್ಲ. ಆ ರಾತ್ರಿ ಊಟ ಸೇರಲಿಲ್ಲ. ಅವತ್ತಿನಿಂದ ಲಾಗಿನ್ನಿಗೆ ಅಂತ ಒಂದು ಫೋನೂ ರೀಸೆಟ್ ಮಾಡಿಲ್ಲ.

ಆದರೆ ಆ ಮೂರು ಟಿಣ್ ತಲೆಯಲ್ಲಿ ಉಳಿಯಿತು. ಹಳೇ ಓಟಿಪಿ ಒಟ್ಟಿಗೆ ಬಿದ್ದವು ಅಂದರೆ ಆ್ಯಪ್‌ನವರು ಕಳಿಸಿದ್ದಾರೆ, ಟವರ್ ವರೆಗೆ ಬಂದಿದೆ, ಈ ಫೋನ್ ಒಳಗೆ ಬಿಟ್ಟುಕೊಂಡಿಲ್ಲ. ಸ್ಟೋರೇಜ್ ಪೂರ್ತಿ ತುಂಬಿದ ಫೋನ್ ಎಸ್ಸೆಮ್ಮೆಸ್ ತಗೊಳ್ಳಲ್ಲ, ಅದು ಸಿಮ್ ಕಂಪನಿಯ ಎಸ್ಸೆಮ್ಮೆಸ್ ಸೆಂಟರ್‌ನಲ್ಲೇ ಕಾಯುತ್ತಿರುತ್ತದೆ. ಅವನ ಫೋನಲ್ಲಿ ಎರಡು ವಿಡಿಯೋ ಅಳಿಸಿದ್ದರೆ ಸಾಕಿತ್ತು.

ಅಲ್ಲಿಂದ ಎರಡು ಕೀಪ್ಯಾಡ್ ಇಟ್ಟುಕೊಂಡೆ. ಒಂದು ಹಳೇ 2ಜಿ. ಇನ್ನೊಂದು ಜಿಯೋದ 4ಜಿ ಕೀಪ್ಯಾಡ್ ಜಿಯೋಭಾರತ್, 2023ರಲ್ಲಿ 999 ರೂಪಾಯಿಗೆ ಬಂದಿತ್ತಲ್ಲ, ಅದು. ಜಿಯೋಗೆ 2ಜಿ ಇಲ್ಲವೇ ಇಲ್ಲ, ಹಾಗಾಗಿ ಹಳೇ ಕೀಪ್ಯಾಡ್‌ನಲ್ಲಿ ಆ ಸಿಮ್ ಸತ್ತ ಹಾಗೆ ಕೂರುತ್ತದೆ. ಭಾರತ್ ಫೋನಲ್ಲಿ ಬೇರೆ ಕಂಪನಿ ಸಿಮ್ ನಡೆಯಲ್ಲ. ಎರಡೂ ಬೇಕು.

ಈಗ ಫೋನ್ ಬಂದ ಕೂಡಲೇ ಏನೂ ಒತ್ತಲ್ಲ, ಸಿಮ್ ತೆಗೆದು ಕೀಪ್ಯಾಡಿಗೆ ಹಾಕಿ ಐದು ನಿಮಿಷ ಸುಮ್ನೆ ಕೂರುತ್ತೇನೆ. ಹಳೇ ಓಟಿಪಿ ಬಿದ್ದರೆ ಸ್ಟೋರೇಜ್, ಇಲ್ಲವೇ ಆ ಫೋನಿನ ವೋಲ್ಟಿ (4ಜಿ ಮೇಲೆ ಕಾಲ್ ನಡೆಸೋ ವ್ಯವಸ್ಥೆ) ಸರಿಯಾಗಿ ಹಿಡಿದಿಲ್ಲ. ಹಳೇದು ಬೀಳದೆ, ಹೊಸದಾಗಿ ಕೇಳಿದಾಗ ಮಾತ್ರ ಬಂದರೆ ಹಿಂದಿನವು ಬಹುಶಃ ಆಗಲೇ ಫೋನೊಳಗೆ ಹೋಗಿ ಅಡಗಿವೆ. ಮೆಸೇಜ್ ಆ್ಯಪ್‌ನ ಸ್ಪ್ಯಾಮ್ ಫೋಲ್ಡರ್ ನೋಡಿ, ಕಾಲ್ ಮಾಡಿದವರ ಹೆಸರು ತೋರಿಸೋ ಆ್ಯಪ್ ಡೀಫಾಲ್ಟ್ ಆಗಿದ್ದರೆ ಅದರೊಳಗೂ ನೋಡಿ. ಒಬ್ಬ ಹುಡುಗಿಯ ಫೋನಲ್ಲಿ ಹದಿನಾರೋ ಹದಿನೇಳೋ ಓಟಿಪಿ ಲಾಟರಿ ಮೆಸೇಜುಗಳ ಜೊತೆ ಬಿದ್ದಿದ್ದವು. ಎರಡು ನಿಮಿಷದ ಕೆಲಸ.

ಕೀಪ್ಯಾಡಿಗೂ ಬರಲಿಲ್ಲ ಅಂದರೆ ಗಿರಾಕಿಯನ್ನ ಕೇಳಬೇಕು. ರೀಚಾರ್ಜ್ ಮುಗಿದು ಎಷ್ಟು ದಿನ ಆಯ್ತು? ಸಿಮ್ ಯಾವಾಗ ಬದಲಿಸಿದೆ? ಡುಪ್ಲಿಕೇಟ್ ಸಿಮ್ ತಗೊಂಡ ಮೇಲೆ 24 ಗಂಟೆ ಎಸ್ಸೆಮ್ಮೆಸ್ ಬಂದ್ ಇರುತ್ತದೆ, ಮೋಸ ತಡೆಯೋಕೆ ಸರ್ಕಾರವೇ ಮಾಡಿದ ನಿಯಮ. ಇದು ಗೊತ್ತಿಲ್ಲದೆ ಇಂಡಿ ಊರಿನ ಒಬ್ಬರನ್ನ ಒಂದಿಡೀ ಸಂಜೆ ಕೂರಿಸಿಕೊಂಡು ಮೂರು ಫೋನ್ ಬದಲಿಸಿ ನೋಡಿದ್ದೆ. ಮರುದಿನ ಅವರೇ ಕಾಲ್ ಮಾಡಿ, "ತಾನ ಬಂತ್ ನೋಡ್ರಿ" ಅಂದರು.

ಇನ್ನೊಂದು, ರೀಸೆಂಡ್ ಒತ್ತೋ ಚಟ. ಹೊಸ ಓಟಿಪಿ ಹುಟ್ಟಿದರೆ ಸಾಮಾನ್ಯವಾಗಿ ಹಳೇದು ಸಾಯುತ್ತದೆ. ಬರುವಾಗ ಹಿಂದೆಮುಂದೆ ಆಗಿ ಬರುತ್ತವೆ, ಇವರು ಮೊದಲು ಕಂಡದ್ದನ್ನ ಹೊಡೆಯುತ್ತಾರೆ, ತಪ್ಪು ಅನ್ನುತ್ತೆ, ಮತ್ತೆ ರೀಸೆಂಡ್, ಕೊನೆಗೆ ಆ್ಯಪೇ ನಂಬರನ್ನ ಒಂದು ದಿನ ತಡೆದು ಹಿಡಿಯುತ್ತದೆ. ಅಂಥವರ ಫೋನ್ ನಾನು ಅವತ್ತು ಮುಟ್ಟೋದೇ ಇಲ್ಲ, ನಾಳೆ ಬಾ ಅಂತ ಕಳಿಸುತ್ತೇನೆ.

ಸಿದ್ಧೇಶ್ವರ ಜಾತ್ರೆಯಲ್ಲಿ ಒಂದು ಪ್ರಯೋಗ ಮಾಡಿದ್ದೆ. ಸಂಕ್ರಮಣದ ಸಂಜೆ ಜನವೋ ಜನ. ಒಂದೇ ಕಂಪನಿಯ ಎರಡು ಸಿಮ್, ಒಂದು ಸ್ಮಾರ್ಟ್‌ಫೋನಲ್ಲಿ, ಒಂದು 2ಜಿ ಕೀಪ್ಯಾಡಲ್ಲಿ, ಗುಡಿ ಹತ್ತಿರ ನಿಂತು ನಾನೇ ಓಟಿಪಿ ಕೇಳಿಕೊಂಡೆ. ಕೀಪ್ಯಾಡಿಗೆ ಅರ್ಧ ನಿಮಿಷದ ಆಸುಪಾಸು, ಸ್ಮಾರ್ಟ್‌ಫೋನಿಗೆ ನಾಲ್ಕು ನಿಮಿಷದ ಮೇಲೆ. ಮೂರು ಸಲವೂ ಹೆಚ್ಚುಕಡಿಮೆ ಹಾಗೇ. ಆಮೇಲೆ ಅದೇ ಸ್ಮಾರ್ಟ್‌ಫೋನನ್ನ 2ಜಿಗೆ ಇಳಿಸಿದೆ, ಬೇಗ ಬಂತು. ಅಂಗಡಿಯಲ್ಲಿ ಖಾಲಿ ಹೊತ್ತಿನಲ್ಲಿ ಮಾಡಿದರೆ ವ್ಯತ್ಯಾಸವೇ ಕಾಣಲಿಲ್ಲ. ಟವರ್ ಮೇಲೆ ಜನ ತುಂಬಿ ತಡ ಆಗುತ್ತದೆ ಅನ್ನೋದು ಜಾತ್ರೆ ದಿನಕ್ಕೆ ಮಾತ್ರ ನಿಜ ಅನ್ನಿ.

ಓಟಿಪಿ ಬಂದು, ಒತ್ತಿ, ಆಮೇಲೂ ಚಕ್ರ ಸುತ್ತುತ್ತಲೇ ಇದ್ದರೆ ಅದು ಬೇರೆ ಕಥೆ. ಇಲ್ಲಿ ತಪ್ಪು ನನ್ನದೇ ಇತ್ತು. ಜಾಹೀರಾತು ಬರಬಾರದು ಅಂತ ನಾವೆಲ್ಲ ಗಿರಾಕಿಗಳ ಫೋನಲ್ಲಿ ಪ್ರೈವೇಟ್ ಡಿಎನ್‌ಎಸ್ (ನೆಟ್ ವಿಳಾಸ ಹುಡುಕಿ ಕೊಡೋ ಸೆಟ್ಟಿಂಗ್) ಹಾಕಿ ಕೊಡ್ತೀವಿ ಅಲ್ವಾ? ಸುಮಾರು ಇನ್ನೂರು ಫೋನಿಗೆ ಹಾಕಿದ್ದೆ, ತಲಾ ಐವತ್ತು ರೂಪಾಯಿ. ಜಾಹೀರಾತು ತಡೆಯೋ ಪಟ್ಟಿಯಲ್ಲಿ ಕೆಲವೊಮ್ಮೆ ಲಾಗಿನ್ನಿಗೆ ಬೇಕಾದ ವಿಳಾಸವೂ ಸೇರಿಹೋಗಿರುತ್ತದೆ, ಫೇಸ್‌ಬುಕ್ ಮೂಲಕ ಒಳಗೆ ಹೋಗೋರಿಗೆ ಇದು ಜಾಸ್ತಿ. ಸೆಟ್ಟಿಂಗ್ ಅನ್ನು ಆಟೋಮ್ಯಾಟಿಕ್ ಮಾಡಿದೆ, ತಟ್ಟನೆ ತೆರೆಯಿತು. ಗುರುತು ಸಿಕ್ಕವರನ್ನೆಲ್ಲ ಕರೆದು ಬಿಟ್ಟಿಯಾಗಿ ಬದಲಿಸಿ ಕೊಟ್ಟೆ. ಬ್ಯಾಟರಿ ಸತ್ತು ಬಿದ್ದಿದ್ದ ಫೋನಲ್ಲಿ ತಾರೀಖು ನೋಡಿ, ಹಿಂದೆ ಹೋಗಿದ್ದರೆ ಯಾವ ಆ್ಯಪೂ ಸರ್ವರ್ ನಂಬಲ್ಲ. ಕ್ರೋಮ್, ವೆಬ್‌ವ್ಯೂ (ಆ್ಯಪ್ ಒಳಗೆ ವೆಬ್ ಪುಟ ತೋರಿಸೋ ಭಾಗ) ಎರಡೂ ಅಪ್‌ಡೇಟ್ ಮಾಡಿ. ಇದರ ಮುಂದೆ ಇನ್ನೆರಡು ಹೆಜ್ಜೆ ಇವೆ, ಅವನ್ನ ಇಲ್ಲಿ ಬರೆಯಲ್ಲ, ನನ್ನ ಅಂಗಡಿ ನಡೆಯೋದೇ ಅವುಗಳಿಂದ.

ಆಗದ ಕೆಲಸಕ್ಕೆ ದುಡ್ಡು ತಗೋಬೇಡಿ. ಟಿಂಡರ್‌ನಲ್ಲಿ 40303 ಅಂತ ಎರರ್ ಬಂದರೆ ಅದು ಬ್ಯಾನ್, ನಮ್ಮಿಂದ ಆಗಲ್ಲ, ನೇರ ಹೇಳಿಬಿಡಿ. ಒಮ್ಮೆ ಹೊಸ ನಂಬರ್ ತಗೊಂಡ ಹುಡುಗ ಓಟಿಪಿ ಒತ್ತಿದರೆ ಬೇರೆ ಯಾರೋ ಹೆಣ್ಣುಮಗಳ ಪ್ರೊಫೈಲ್ ತೆರೆಯಿತು. ಬಂದ್ ಆದ ನಂಬರ್ 90 ದಿನ ಆದ ಮೇಲೆ ಇನ್ನೊಬ್ಬರಿಗೆ ಹೋಗಬಹುದು, ಅವರ ಹಳೇ ಅಕೌಂಟ್ ಅದರ ಮೇಲೇ ಇತ್ತು. ಹುಡುಗ ಚಾಟ್ ನೋಡೋಣ ಅಂದ. ನಾನು ಫೋನ್ ಕಿತ್ಕೊಂಡು ಲಾಗೌಟ್ ಮಾಡಿದೆ. ಅವನು ಸಿಟ್ಟಾಗಿ ಹೋದ, ಹೋಗಲಿ. ಆ ಹೆಣ್ಣುಮಗಳಿಗೆ ನಾನು ಯಾರು ಅಂತ ಯಾವತ್ತೂ ಗೊತ್ತಾಗಲ್ಲ, ಆದರೂ ನನಗೆ ಅದು ಸರಿ ಅನಿಸಿತು.

ಇನ್ನು ನೆಟ್‌ನಲ್ಲಿ ಕಸ್ಟಮರ್ ಕೇರ್ ನಂಬರ್ ಹುಡುಕಿ ಕಾಲ್ ಮಾಡಿ ಬರೋರು. ಒಬ್ಬ ನರ್ಸಿಂಗ್ ವಿದ್ಯಾರ್ಥಿ ಹಾಗೆ ಮಾಡಿ, ಅವರು ಹೇಳಿದ ಸ್ಕ್ರೀನ್ ಶೇರ್ ಆ್ಯಪ್ ಹಾಕಿ ಎಂಟು ಸಾವಿರದಷ್ಟು ಕಳೆದುಕೊಂಡು ಬಂದಿದ್ದ. ಮನೆಯಲ್ಲಿ ಗೊತ್ತಾದರೆ ಅಂತ ಕೈ ನಡುಗುತ್ತಿತ್ತು. ನಾನೇ ಕೂರಿಸಿ ಚಹಾ ತರಿಸಿ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕಾಲ್ ಮಾಡಿಸಿದೆ. ಅವನ ಹತ್ತಿರ ಒಂದು ರೂಪಾಯಿ ತಗೊಳ್ಳಲಿಲ್ಲ.

ದರ ಈಗ ನೂರೈವತ್ತು, ಲಾಗಿನ್ ಆದರೆ ಮಾತ್ರ. ತಿಂಗಳಿಗೆ ಇಪ್ಪತ್ತೈದು ಮೂವತ್ತು ಫೋನ್ ಬರುತ್ತವೆ, ಮೂರು ಸಾವಿರದ ಹತ್ತಿರ ಸಿಗುತ್ತದೆ. ಬಿಡಿಭಾಗದ ಖರ್ಚಿಲ್ಲ. ಹೋದ ತಿಂಗಳು ಕಾಕಾನೇ ಒಬ್ಬ ಹುಡುಗನ್ನ ಕರ್ಕೊಂಡು ಬಂದು, "ಇವಂದೊಂದು ನೋಡಪಾ" ಅಂದರು. ಸಿಮ್ ಹಾಕಿದೆ, ಐದು ನಿಮಿಷ ಮೂವರೂ ಮಾತಾಡದೆ ಕೂತೆವು, ಟಿಣ್ ಅಂತು. ಕಾಕಾ ಕೀಪ್ಯಾಡನ್ನ ಕೈಗೆ ತಗೊಂಡು ಹಿಂದೆಮುಂದೆ ತಿರುಗಿಸಿ ನೋಡಿದರು.

ಆ ಹಳೇ 2ಜಿ ಕೀಪ್ಯಾಡಿನ ಬ್ಯಾಟರಿ ಈಗ ಊದಿಕೊಂಡಿದೆ. ಚೆನ್ನಾಗಿ ಸಿಗ್ನಲ್ ಹಿಡಿಯೋ ಅಂಥದ್ದೊಂದು ಸೆಕೆಂಡ್‌ಹ್ಯಾಂಡ್ ಯಾರ ಹತ್ತಿರ ಇದ್ದರೂ ಹೇಳಿ, ಐನೂರರವರೆಗೆ ಕೊಡುತ್ತೇನೆ.